ಹೆಲ್ಮೆಟ್ಟಿನೊಳಗೊಂದು ದನಿ

ಕಣ್ಣಿಗೆ ರೆಪ್ಪೆಯಿದೆ, ಬಾಯಿಗೆ ತುಟಿಯಿದೆ, ಕಿವಿಗೆ ಮಾತ್ರ ಮುಚ್ಚಳವಿಲ್ಲ. ಬೇಡದ್ದನ್ನು ನೋಡದೆ ಇರಬಹುದು, ಆಡದೆ ಇರಬಹುದು. ಕೇಳದೆ ಇರುವುದು ಮಾತ್ರ ನಮ್ಮ ಕೈಯಲ್ಲಿಲ್ಲ. ಸಂಸಾರದಲ್ಲಿ ಇದು ಎಂಥ ಕಷ್ಟವೆಂದು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ರಸ್ತೆಯಲ್ಲಿ ಇದೇ ದೊಡ್ಡ ವರ. ಕಣ್ಣು ನೋಡುವುದು ಮುಂದಿನದನ್ನಷ್ಟೇ. ಬೆನ್ನ ಹಿಂದೆ ಬರುತ್ತಿರುವ ಟೊಮೆಟೊ ಲಾರಿ, ತಿರುವಿನಾಚೆಯ ಬಸ್ಸು, ಹೊಲದ ದಾರಿಯಿಂದ ಏರಿ ಬರುವ ಟ್ರ್ಯಾಕ್ಟರು, ಇವುಗಳ ಸುದ್ದಿ ಮೊದಲು ತರುವುದು ಕಿವಿಯೇ. ಅಂಥ ಕಿವಿಯ ಮೇಲೆ ಹೆಲ್ಮೆಟ್ಟು ಬಂದು ಕೂತಿತು. ತಲೆ ಉಳಿಯಬೇಕಲ್ಲ, ಒಪ್ಪೋಣ. ಈಗ ಆ ಹೆಲ್ಮೆಟ್ಟಿನೊಳಗೂ ಹಾಡು, ಮಾತು, ದಾರಿ ಹೇಳುವ ದನಿ ಎಲ್ಲವೂ ಬಂದು ಕೂರಲು ಹೊರಟಿವೆ. ಯಾವುದನ್ನು ಒಳಕ್ಕೆ ಕರೆಯಬೇಕು, ಯಾವುದನ್ನು ಹೊಸ್ತಿಲಲ್ಲೇ ನಿಲ್ಲಿಸಬೇಕು ಎನ್ನುವುದು ಅಂಗಡಿಯವನಿಗೆ ಬಿಟ್ಟುಬಿಡುವಷ್ಟು ಸಣ್ಣ ವಿಷಯವಲ್ಲ.

ನನ್ನದು ವಿಮೆಯ ಕೆಲಸ. ಮನೆ ಚಿಕ್ಕಬಳ್ಳಾಪುರದಲ್ಲಿ, ಪಾಲಿಸಿದಾರರು ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ತಾಲ್ಲೂಕುಗಳ ಹಳ್ಳಿಹಳ್ಳಿಗಳಲ್ಲಿ. ಈ ನಾಲ್ಕು ಊರುಗಳನ್ನೂ ಒಂದೇ ಹೆದ್ದಾರಿ ಮಣಿ ಪೋಣಿಸಿದ ಹಾಗೆ ಪೋಣಿಸಿದೆ. ಮೊದಲು ಅದರ ಸಂಖ್ಯೆ 234 ಎಂದಿತ್ತು, ಈಗ 69. ಹೆದ್ದಾರಿಯೇನೋ ಚೆನ್ನಾಗಿದೆ, ಆದರೆ ಪ್ರೀಮಿಯಂ ಕಟ್ಟುವವರು ಹೆದ್ದಾರಿಯ ಮೇಲೆ ಮನೆ ಕಟ್ಟಿಕೊಂಡಿರುವುದಿಲ್ಲವಲ್ಲ! ಸ್ಕೂಟರಿನ ಚಿಕ್ಕ ಗಾಲಿ ಹಳ್ಳಿದಾರಿಯ ಗುಂಡಿಗಳಲ್ಲಿ ಕುಣಿಯುತ್ತದೆಂದು ನಾನು ಗೇರಿನ ಬೈಕನ್ನೇ ಓಡಿಸುತ್ತೇನೆ. ಮೊದಮೊದಲು ನನ್ನ ಬೆನ್ನ ಹಿಂದೆ ‘ಬೈಕಮ್ಮ’ ಎನ್ನುತ್ತಿದ್ದವರು ಈಗ ಎದುರಿಗೇ ಹಾಗೆ ಕರೆಯುತ್ತಾರೆ. ಇರಲಿ, ಹೆಸರು ಚೆನ್ನಾಗಿಯೇ ಇದೆ.

ಈ ಕೆಲಸದಲ್ಲಿ ಫೋನೇ ಅನ್ನ. ಒಂದು ಕರೆ ತಪ್ಪಿದರೆ ಒಂದು ಪಾಲಿಸಿ ತಪ್ಪಿದ ಹಾಗೆ. ಹಾಗೆಂದು ಓಡುವ ಗಾಡಿಯ ಮೇಲೆ ಮಾತಾಡುವ ಅಭ್ಯಾಸ ನನಗಿಲ್ಲ. ಫೋನು ಹೊಡೆದುಕೊಂಡರೆ ಹೊಂಗೆ ಮರವೋ ಹುಣಸೆ ಮರವೋ ನೋಡಿ ಗಾಡಿ ನಿಲ್ಲಿಸುತ್ತಿದ್ದೆ. ಸ್ಟ್ಯಾಂಡು ಹಾಕಿ, ಹೆಲ್ಮೆಟ್ಟು ತೆಗೆದು, ದುಪ್ಪಟ್ಟಾ ಬಿಡಿಸಿ, ಬ್ಯಾಗಿನ ತಳದಿಂದ ಫೋನು ಹುಡುಕಿ ತೆಗೆಯುವಷ್ಟರಲ್ಲಿ ಅದು ನಿಂತಿರುತ್ತಿತ್ತು. ನೋಡಿದರೆ ನಮ್ಮತ್ತೆ: “ಏನಿಲ್ಲ, ಸಾರಿಗೆ ಹುಳಿ ಎಷ್ಟು ಹಾಕಲಿ ಅಂತ ಕೇಳೋಣ ಅಂತಿದ್ದೆ, ನೀನು ಎತ್ತಲಿಲ್ಲ, ನಾನೇ ಹಾಕಿದೆ.” ಇಲ್ಲವೇ ಸಾಲ ಕೊಡುತ್ತೇವೆಂದು ಹಟ ಹಿಡಿಯುವ ಯಾವುದೋ ಊರಿನ ಹುಡುಗಿ. ಚಿಕ್ಕಬಳ್ಳಾಪುರದಿಂದ ಚಿಂತಾಮಣಿ ಮುಟ್ಟುವುದರೊಳಗೆ ಹೀಗೆ ಏಳೆಂಟು ಮರಗಳ ನೆರಳು ಕಾಣುತ್ತಿದ್ದೆ.

ನಮ್ಮ ಕಡೆ ಬಹಳ ಜನ ಈ ತಾಪತ್ರಯಕ್ಕೆ ಒಂದು ಉಪಾಯ ಕಂಡುಕೊಂಡಿದ್ದಾರೆ. ನೀವೂ ನೋಡಿರುತ್ತೀರಿ. ಮೊಬೈಲನ್ನು ಹೆಲ್ಮೆಟ್ಟಿನ ಕೆನ್ನೆಯ ಸಂದಿಗೆ ತುರುಕಿಕೊಂಡರೆ ಮುಗಿಯಿತು. ಕಾಸಿಲ್ಲ, ಖರ್ಚಿಲ್ಲ, ಎರಡು ಕೈಯೂ ಖಾಲಿ. ಹೆಲ್ಮೆಟ್ಟೇ ಇಲ್ಲದವರು ಕತ್ತನ್ನು ಭುಜಕ್ಕೆ ವಾಲಿಸಿಕೊಂಡು, ಲೋಕವೆಲ್ಲ ಓರೆಯಾಗಿದೆ ಎಂಬಂತೆ ಮಾತಾಡುತ್ತಾ ಹೋಗುತ್ತಾರೆ. ಬೆಳಿಗ್ಗೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಕಡೆ ಹೋಗುವ ರಸ್ತೆಯಲ್ಲಿ ನಿಂತರೆ, ಹಿಂದೆ ಗೂಡಿನ ಮೂಟೆ, ಕೆನ್ನೆಯಲ್ಲಿ ಮೊಬೈಲು ಇಟ್ಟುಕೊಂಡ ಗಾಡಿಗಳು ಒಂದರ ಹಿಂದೊಂದು ಹೋಗುತ್ತಿರುತ್ತವೆ.

ಅಂಥ ಒಂದು ಗಾಡಿಯ ಕಥೆಯನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಗೆ ಕ್ಲೇಮಿನ ಕಾಗದ ಹಿಡಿದು ಹೋಗಿದ್ದೆ. ರೇಷ್ಮೆ ಬೆಳೆಯುವ ಮನೆ. ಹುಳುವಿನ ಮನೆಯಲ್ಲಿ ಖಾಲಿ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದ್ದರು. ಯಜಮಾನ ಗೂಡು ಮಾರಿ ವಾಪಸು ಬರುತ್ತಿದ್ದಾಗ ಹೆಂಡತಿ ಫೋನು ಮಾಡಿದ್ದಾಳೆ. ರೇಟು ಎಷ್ಟಕ್ಕೆ ಹೋಯಿತು ಎಂದು ಕೇಳಿದ್ದಾಳೆ, ಅಷ್ಟೇ. ಒಂದು ತಿಂಗಳು ರಾತ್ರಿ ಹಗಲೆನ್ನದೆ ಸೊಪ್ಪು ಹಾಕಿದವಳು ಕೇಳದೆ ಇರುತ್ತಾಳೆಯೇ? ಆತ ಹೆಲ್ಮೆಟ್ಟಿಗೆ ಮೊಬೈಲು ಸಿಕ್ಕಿಸಿಕೊಂಡು ಲೆಕ್ಕ ಹೇಳುತ್ತಾ ಬಂದಿದ್ದಾನೆ. ಪಕ್ಕದ ಹೊಲದ ದಾರಿಯಿಂದ ಟ್ರ್ಯಾಕ್ಟರು ರಸ್ತೆಗೆ ಏರಿದೆ.

“ಲೆಕ್ಕ ಹೇಳ್ತಾ ಹೇಳ್ತಾ ಮಾತು ನಿಂತೋಯ್ತು ಮೇಡಮ್ಮಾ. ಸಿಗ್ನಲ್ಲು ಹೋಯ್ತೇನೋ ಅಂದ್ಕೊಂಡು ನಾನು ಹಲೋ ಹಲೋ ಅಂತಾನೇ ಇದ್ದೆ.”

ಕ್ಲೇಮಿನ ಅರ್ಜಿಯಲ್ಲಿ ದಿನಾಂಕಕ್ಕೆ ಜಾಗವಿದೆ, ವೇಳೆಗೆ, ಪೊಲೀಸು ದೂರಿನ ಸಂಖ್ಯೆಗೆ ಜಾಗವಿದೆ. ಎಲ್ಲವನ್ನೂ ತುಂಬಿಸಿ ಆಕೆಯ ಸಹಿ ಹಾಕಿಸಿಕೊಂಡೆ. ಎದ್ದು ಹೊರಡುವಾಗ ಆಕೆ ಒಂದು ಮಾತು ಕೇಳಿದಳು: “ನಾನು ಫೋನು ಮಾಡದೆ ಇದ್ದಿದ್ರೆ ಬರ್ತಿದ್ರಾ?” ಅದಕ್ಕೆ ಅರ್ಜಿಯಲ್ಲಿ ಜಾಗವಿರಲಿಲ್ಲ. ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿದ್ದು ಬಂದೆ. ಹಣವೇನೋ ಬಂತು. ಪ್ರಶ್ನೆ ಮಾತ್ರ ಅಲ್ಲೇ ಉಳಿಯಿತು.

ಆ ಮನೆಯ ಮಗ ಈಗ ಇಪ್ಪತ್ತೊಂದರ ಹುಡುಗ. ಹನಿ ನೀರಾವರಿಯ ಪೈಪು ಜೋಡಿಸುವ, ರಿಪೇರಿ ಮಾಡುವ ಕೆಲಸ ಕಲಿತಿದ್ದಾನೆ. ನೀರು ಸಾವಿರ ಅಡಿಗೂ ಕೆಳಗೆ ಇಳಿದುಹೋಗಿರುವ ನಮ್ಮ ಜಿಲ್ಲೆಯಲ್ಲಿ ಆ ಕೆಲಸಕ್ಕೆ ಬಿಡುವಿಲ್ಲ. ಇವತ್ತು ಗೌರಿಬಿದನೂರಿನ ಕಡೆ ದ್ರಾಕ್ಷಿ ತೋಟವಾದರೆ ನಾಳೆ ಚಿಂತಾಮಣಿಯ ಕಡೆ ಟೊಮೆಟೊ. ಸೆಕೆಂಡ್‌ಹ್ಯಾಂಡ್ ಬೈಕು ಕೊಂಡ. ಒಂದು ದಿನ ನನಗೇ ಫೋನು ಮಾಡಿ, “ಮೇಡಂ, ಹೆಲ್ಮೆಟ್ಟೊಳಗೆ ಮ್ಯಾಪಿನ ವಾಯ್ಸು ಕೇಳೋ ಹಾಗೆ ಒಂದು ಸೆಟ್ಟು ಹಾಕಿಸ್ಕೋಬೇಕು. ಯಾವುದು ತಗೊಳ್ಳಲಿ? ಅಮ್ಮ ನಿಮ್ಮನ್ನ ಕೇಳದೆ ಬೇಡ ಅಂತಾರೆ” ಎಂದ. ಅವನು ಕೇಳಿದ್ದರಲ್ಲಿ ನ್ಯಾಯವಿತ್ತು. ಗೊತ್ತಿಲ್ಲದ ಹಳ್ಳಿಯ ದಾರಿಯಲ್ಲಿ ಮೊಬೈಲಿನ ಪರದೆಯನ್ನು ಬಗ್ಗಿ ಬಗ್ಗಿ ನೋಡುವುದಕ್ಕಿಂತ ‘ಎಡಕ್ಕೆ ತಿರುಗಿ’ ಎಂದು ಯಾರಾದರೂ ಕಿವಿಯಲ್ಲಿ ಹೇಳಿದರೆ ಕಣ್ಣು ರಸ್ತೆಯ ಮೇಲೇ ಇರುತ್ತದೆ. ನಮ್ಮ ಊರುಗಳ ಹೆಸರನ್ನು ಆ ಹುಡುಗಿ ಮುರಿದು ಮುಕ್ಕಾಗಿಸಿ ಹೇಳುತ್ತಾಳೆ, ಅದು ಬೇರೆ ವಿಷಯ. ಜೊತೆಗೆ ನನ್ನ ಏಳೆಂಟು ಮರಗಳ ಕಷ್ಟವೂ ಇತ್ತಲ್ಲ. ಇಬ್ಬರಿಗೂ ಒಟ್ಟಿಗೇ ನೋಡೋಣವೆಂದು ಹೊರಟೆ.

ಸೀರೆ ಅಂಗಡಿಯಲ್ಲಿ ಹೇಗೋ ಇಲ್ಲಿಯೂ ಹಾಗೆಯೇ, ತೆಗೆದಷ್ಟೂ ಬಗೆ. ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಸಾಲುಗಟ್ಟಿ ಬರುವ ಬೈಕಿನ ಹುಡುಗರ ಹೆಲ್ಮೆಟ್ಟಿಗೆ ಬೆಂಕಿಪೊಟ್ಟಣದಂಥ ಒಂದು ಡಬ್ಬಿ ಅಂಟಿಕೊಂಡಿರುತ್ತದೆ ನೋಡಿ, ಅದು ಇಂಟರ್‌ಕಾಂ. ಹತ್ತು ಜನ ಹತ್ತು ಗಾಡಿಯಲ್ಲಿದ್ದರೂ ಒಂದೇ ಜಗಲಿಯ ಮೇಲೆ ಕೂತವರಂತೆ ಮಾತಾಡಿಕೊಳ್ಳಬಹುದು. ಬೆಲೆ ಹಲವು ಸಾವಿರಗಳು. ಒಬ್ಬನೇ ಪೈಪು ಕಟ್ಟಿಕೊಂಡು ಹೋಗುವ ಹುಡುಗನಿಗೆ, ಒಬ್ಬಳೇ ಪಾಲಿಸಿ ಬ್ಯಾಗು ಹಾಕಿಕೊಂಡು ಹೋಗುವ ನನಗೆ ಜಗಲಿ ಏತಕ್ಕೆ? ಅದನ್ನು ಮೊದಲೇ ಪಕ್ಕಕ್ಕಿಟ್ಟೆವು.

ಎರಡನೆಯದು ಕಿವಿಯ ತೂತಿಗೇ ಸಿಕ್ಕಿಸಿಕೊಳ್ಳುವ ಇಯರ್‌ಫೋನು. ವೈರಿನದಾದರೆ ಹೆಲ್ಮೆಟ್ಟು ಹಾಕುವಾಗ ಕಿತ್ತು ಬರುತ್ತದೆ. ವೈರಿಲ್ಲದ್ದಾದರೆ ತೆಗೆಯುವಾಗ ಉದುರಿ ಚರಂಡಿ ಸೇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದರ ರಬ್ಬರು ಬಿರಡೆಯಂತೆ ಕೂತು ಹೊರಗಿನ ಸದ್ದನ್ನು ತಡೆಯುತ್ತದೆ. ಹೊರಗಿನ ಸದ್ದನ್ನು ಪೂರ್ತಿ ಅಳಿಸುವ ಬಗೆಯದೂ ಇದೆಯೆಂದು ಅಂಗಡಿಯ ಹುಡುಗ ಹೆಮ್ಮೆಯಿಂದ ತೋರಿಸಿದ. ಬಸ್ಸಿನಲ್ಲಿ ಕೂತು ಹೋಗುವವರಿಗೆ ಅದು ಸುಖ. ಗಾಡಿ ಓಡಿಸುವವರಿಗೆ ಹಿಂದಿನ ಬಸ್ಸಿನ ಹಾರ್ನೇ ಅಳಿಸಿಹೋದರೆ?

“ಹಾಗಾದ್ರೆ ಒಂದೇ ಕಿವಿಗೆ ಹಾಕ್ಕೊಳ್ಳಿ ಮೇಡಂ” ಎಂದ. ಜಾಣತನದ ಮಾತಿನಂತೆ ಕೇಳುತ್ತದೆ, ಆದರೆ ದೇವರು ಎರಡು ಕಿವಿ ಕೊಟ್ಟದ್ದು ಓಲೆ ಜೋಡಿಯಾಗಿರಲಿ ಎಂದಲ್ಲ. ಬಲಗಡೆಯ ಸದ್ದು ಬಲಗಿವಿಗೆ ಒಂದು ಚೂರು ಮೊದಲು ಮುಟ್ಟುತ್ತದೆ, ಎಡಗಿವಿಗೆ ಒಂದು ಚೂರು ತಡವಾಗಿ. ಆ ಅಂತರ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರಲ್ಲೇ ಮಿದುಳು ಲೆಕ್ಕ ಹಾಕಿ ಲಾರಿ ಯಾವ ಕಡೆಯಿಂದ ಬರುತ್ತಿದೆ ಎಂದು ಹೇಳಿಬಿಡುತ್ತದೆ. ಒಂದು ಕಿವಿ ಮುಚ್ಚಿದರೆ ಲಾರಿ ಬರುತ್ತಿದೆ ಎಂಬುದು ಗೊತ್ತಾಗುತ್ತದೆ, ಎಲ್ಲಿಂದ ಎಂಬುದು ಸರಿಯಾಗಿ ಗೊತ್ತಾಗುವುದಿಲ್ಲ.

ಮೂರನೆಯದು ಕಿವಿಯನ್ನು ಬಿಟ್ಟು ಅದರ ಮುಂದಿನ ಮೂಳೆಯ ಮೇಲೆ ಕೂರುವಂಥದ್ದು. ಮೂಳೆಯ ಮೂಲಕವೇ ಸದ್ದು ಒಳಕ್ಕೆ ಹೋಗುತ್ತದೆ, ಕಿವಿ ಬಿಡುವಾಗಿರುತ್ತದೆ. ಬೆಳಗಿನ ವಾಕಿಂಗಿಗೆ ಬಹಳ ಒಳ್ಳೆಯದು. ಮೇಲೆ ಹೆಲ್ಮೆಟ್ಟು ಹಾಕಿದೊಡನೆ ಅದರ ಕಡ್ಡಿ ಕಪಾಲಕ್ಕೆ ಒತ್ತಿಕೊಂಡು ಹತ್ತು ನಿಮಿಷದಲ್ಲಿ ತಲೆನೋವು ಬಂತು.

ಕೊನೆಗೆ ಉಳಿದದ್ದು ಎಲ್ಲಕ್ಕಿಂತ ಸಾದಾ ಸೆಟ್ಟು: ನಿಪ್ಪಟ್ಟಿನಷ್ಟು ತೆಳ್ಳಗಿನ, ಚಿಕ್ಕ ಚಕ್ಕುಲಿಯಷ್ಟು ಅಗಲದ ಎರಡು ಸ್ಪೀಕರು, ಒಂದು ಮೈಕಿನ ಕಡ್ಡಿ, ಎರಡು ಮೂರು ಗುಂಡಿಗಳಿರುವ ಒಂದು ಸಣ್ಣ ಡಬ್ಬಿ. ಹೆಲ್ಮೆಟ್ಟಿನ ಒಳಗಿನ ಬಟ್ಟೆಯ ಮೆತ್ತೆಯ ಹಿಂದೆ, ಕಿವಿಯ ಎದುರಿಗೆ ಸ್ಪೀಕರನ್ನು ಅಂಟುಪಟ್ಟಿಯಿಂದ ಕೂರಿಸುವುದು. ಕಿವಿಯ ತೂತು ತೆರೆದೇ ಇರುತ್ತದೆ. ಮೊಬೈಲಿಗೆ ಬ್ಲೂಟೂತಿನಿಂದ ನಂಟು. ಅಂದ ಹಾಗೆ ಆ ಹೆಸರು ಬಂದದ್ದು ಹತ್ತನೆಯ ಶತಮಾನದ ಡೆನ್ಮಾರ್ಕಿನ ಹೆರಾಲ್ಡ್ ಎಂಬ ದೊರೆಯ ಅಡ್ಡಹೆಸರಿನಿಂದ. ನೀಲಿಹಲ್ಲಿನ ದೊರೆಯ ಹೆಸರು ಸಾವಿರ ವರ್ಷ ದಾಟಿ ಬೈಕಮ್ಮನ ಹೆಲ್ಮೆಟ್ಟಿಗೆ ಬಂದು ಸೇರಿತು! ಬೆಲೆ ಒಂದೂವರೆ ಸಾವಿರದ ಆಸುಪಾಸು.

ಸಾದಾ ಸೆಟ್ಟಾದರೂ ಕೂರಿಸುವಾಗ ನೋಡಬೇಕಾದದ್ದು ಕೆಲವುಂಟು. ಸ್ಪೀಕರು ಕಿವಿಗೆ ನೇರ ಎದುರಾಗಿರಬೇಕು. ಒಂದು ಬೆರಳಗಲ ಆಚೀಚೆಯಾದರೂ ದನಿ ಸಣ್ಣಗಾಗುತ್ತದೆ, ಆಗ ನಾವು ವಾಲ್ಯೂಮು ಏರಿಸುತ್ತೇವೆ. ಗುಂಡಿಗಳು ಹೆಲ್ಮೆಟ್ಟಿನ ಎಡಗಡೆಗೇ ಇರಬೇಕು, ಏಕೆಂದರೆ ಬಲಗೈಗೆ ಆಕ್ಸಿಲರೇಟರು ಮತ್ತು ಮುಂದಿನ ಬ್ರೇಕು ಇವೆ. ಅದಕ್ಕೆ ಬೇರೆ ಕೆಲಸ ಹಚ್ಚಬಾರದು. ಚಾರ್ಜಿನ ತೂತಿಗೆ ಮುಚ್ಚಳವಿರಬೇಕು, ಮಳೆಗಾಲವಿದೆ. ಹೆಲ್ಮೆಟ್ಟಿಗೆ ಐ.ಎಸ್.ಐ. ಮುದ್ರೆ ಇರಬೇಕೆಂದು ಹೇಳುವ ಅಗತ್ಯವೇ ಇರಬಾರದು; 2021ರ ಜೂನ್ 1ರಿಂದ ಆ ಮುದ್ರೆಯಿಲ್ಲದ್ದನ್ನು ಮಾರುವುದೇ ಅಪರಾಧ. ಆದರೂ ರಸ್ತೆ ಬದಿಯಲ್ಲಿ ಮಡಕೆ ಜೋಡಿಸಿದ ಹಾಗೆ ಜೋಡಿಸಿ ಮಾರುವವರು ಇದ್ದೇ ಇದ್ದಾರೆ.

ಹುಡುಗನ ಹೆಲ್ಮೆಟ್ಟಿನಲ್ಲಿ ಸ್ಪೀಕರಿಗೆ ಜಾಗ ಸ್ವಲ್ಪ ಕಡಿಮೆಯಿತ್ತು. ಅಂಗಡಿಯಾತ, “ಒಳಗಿನ ಥರ್ಮಾಕೋಲು ಒಂಚೂರು ಕೆರೆದರೆ ನೀಟಾಗಿ ಕೂರುತ್ತೆ” ಎಂದು ಚಾಕು ತೆಗೆದ. ಬೇಡವೆಂದೆ. ಬಿದ್ದಾಗ ಪೆಟ್ಟನ್ನು ತಾನು ತಿಂದು ನಜ್ಜುಗುಜ್ಜಾಗಿ ತಲೆಯನ್ನು ಉಳಿಸುವುದೇ ಆ ಥರ್ಮಾಕೋಲು. ಹೊರಗಿನ ಗಟ್ಟಿ ಚಿಪ್ಪು ಬರೀ ಬಾಗಿಲು. ಒಳಗೆ ದುಡಿಯುವವಳು ಅವಳೇ. ಹಾಡು ಕೇಳುವುದಕ್ಕಾಗಿ ಅವಳನ್ನು ಕೆರೆಯುವುದುಂಟೆ? ಕಿವಿಯ ಹತ್ತಿರ ಮೊದಲೇ ಕುಳಿ ಬಿಟ್ಟಿರುವ ಹೆಲ್ಮೆಟ್ಟುಗಳು ಬರುತ್ತವೆ. ಅಂಥದ್ದನ್ನೇ ಅವನಿಗೆ ಕೊಡಿಸಿದೆವು.

ನನ್ನ ಕಷ್ಟ ಬೇರೆಯದೇ. ಸೆಟ್ಟಿನ ಜೊತೆ ಬಂದ ಪುಸ್ತಿಕೆಯಲ್ಲಿ ಏಳೆಂಟು ಭಾಷೆಯಲ್ಲಿ ಸೂಚನೆಗಳಿದ್ದವು, ಓಲೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಸ್ಪೀಕರು ಓಲೆಯನ್ನು ಒತ್ತುತ್ತದೆ, ಓಲೆಯ ತಿರುಪು ಕಿವಿಯ ಹಿಂದಿನ ಚರ್ಮವನ್ನು ಚುಚ್ಚುತ್ತದೆ. ಜುಮುಕಿಯಂತೂ ಹೆಲ್ಮೆಟ್ಟಿನೊಳಗೆ ತಿರುಚಿಕೊಂಡು ಕೂರುತ್ತದೆ. ತುರುಬು ಹೆಲ್ಮೆಟ್ಟನ್ನು ಮುಂದಕ್ಕೆ ತಳ್ಳಿದರೆ ಸ್ಪೀಕರು ಕಿವಿ ಬಿಟ್ಟು ಕೆನ್ನೆಗೆ ಕಥೆ ಹೇಳುತ್ತದೆ. ಆದ್ದರಿಂದ ಅಕ್ಕಂದಿರೇ, ಅಂಗಡಿಗೆ ಹೋಗುವಾಗ ದಿನಾ ಹಾಕುವ ಓಲೆಯನ್ನೇ ಹಾಕಿಕೊಂಡು, ದಿನದಂತೆಯೇ ಜಡೆ ಹಾಕಿಕೊಂಡು ಹೋಗಿ. ಹೆಲ್ಮೆಟ್ಟು ಹಾಕಿಕೊಂಡು ಹತ್ತು ನಿಮಿಷ ಅಲ್ಲೇ ಸ್ಟೂಲಿನ ಮೇಲೆ ಕೂತುಕೊಳ್ಳಿ. ಯಾರು ನಕ್ಕರೂ ಏಳಬೇಡಿ. ಹತ್ತು ನಿಮಿಷದಲ್ಲಿ ನೋಯದ್ದು ಚಿಂತಾಮಣಿಯವರೆಗೂ ನೋಯುವುದಿಲ್ಲ.

ಇನ್ನು ಸದ್ದಿನ ಮಾತು. ಗೌರಿಬಿದನೂರಿನ ಹತ್ತಿರ ಎರಡು ದೊಡ್ಡ ಕಿವಿಗಳಿವೆ, ನಿಮಗೆ ಗೊತ್ತೇ? ಒಂದು ನೆಲಕ್ಕೆ ಕಿವಿಗೊಟ್ಟಿದೆ: 1960ರ ದಶಕದಲ್ಲಿ ಭಾಭಾ ಅಣುಸಂಶೋಧನಾ ಕೇಂದ್ರದವರು ಅಲ್ಲಿ ಭೂಕಂಪನ ಮಾಪಕಗಳ ಸಾಲನ್ನೇ ಹೂಳಿದರು. ಎಲ್ಲೋ ದೂರದ ದೇಶದಲ್ಲಿ ನೆಲದೊಳಗೆ ಅಣುಬಾಂಬು ಸಿಡಿಸಿದರೂ ಅದರ ನಡುಕವನ್ನು ಗುರುತಿಸುವುದಕ್ಕೆ. ಇನ್ನೊಂದು ಆಕಾಶಕ್ಕೆ ಕಿವಿಗೊಟ್ಟಿದೆ: ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಕಟ್ಟಿದ, ಸಾವಿರ ಆಂಟೆನಾಗಳ ರೇಡಿಯೋ ದೂರದರ್ಶಕ; 1976ರಿಂದ ಸೂರ್ಯ ನಕ್ಷತ್ರಗಳ ರೇಡಿಯೋ ಅಲೆಗಳನ್ನು ಹಿಡಿಯುತ್ತಿದೆ. ಇಂಥ ಯಂತ್ರಗಳನ್ನು ಊರಿನ ಗದ್ದಲದ ನಡುವೆ ಇಡುವುದಿಲ್ಲ. ಸಣ್ಣ ದನಿ ಕೇಳಬೇಕಾದರೆ ಸುತ್ತಲಿನ ಗಲಾಟೆ ಕಡಿಮೆಯಿರಬೇಕು.

ಹೆಲ್ಮೆಟ್ಟಿಗೂ ಇದೇ ನ್ಯಾಯ. ವೇಗ ಹೆಚ್ಚಿದಷ್ಟೂ ಗಾಳಿಯ ಸದ್ದು ಹೆಚ್ಚುತ್ತದೆ. ಗಂಟೆಗೆ ನೂರು ಕಿಲೋಮೀಟರಿನಲ್ಲಿ ಅದು ಹೆಲ್ಮೆಟ್ಟಿನೊಳಗೆ 90 ಡೆಸಿಬೆಲ್ಲನ್ನು ಸುಲಭವಾಗಿ ದಾಟುತ್ತದೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು, ಅದು 3 ಡೆಸಿಬೆಲ್ ಏರಿದರೆ ನಾಲ್ಕೇ ಗಂಟೆ, ಮತ್ತೆ 3 ಏರಿದರೆ ಎರಡೇ ಗಂಟೆ ಎಂದು ತಜ್ಞರ ಲೆಕ್ಕವಿದೆ. ಗಾಳಿಯನ್ನು ಮೀರಿಸಲು ನಾವು ವಾಲ್ಯೂಮು ಏರಿಸುತ್ತೇವೆ, ಎರಡೂ ಸೇರಿ ಕಿವಿಯನ್ನು ಸವೆಸುತ್ತವೆ. ನಾನು ಮಾಡುವುದಿಷ್ಟು: ಮನೆಯ ಮುಂದೆ ನಿಂತಾಗಲೇ, ಬೀದಿಯ ಆಟೋ ಹಾರ್ನು ಸ್ಪಷ್ಟವಾಗಿ ಕೇಳುವ ಮಟ್ಟಕ್ಕೆ ವಾಲ್ಯೂಮು ಇಟ್ಟುಕೊಳ್ಳುತ್ತೇನೆ. ದಾರಿಯಲ್ಲಿ ದನಿ ಕೇಳದಿದ್ದರೆ ಏರಿಸುವುದು ದನಿಯನ್ನಲ್ಲ, ಇಳಿಸುವುದು ವೇಗವನ್ನು.

ಕೊನೆಗೆ ಬಂದದ್ದು ಮೈಕಿನ ಪ್ರಶ್ನೆ. ಕಾನೂನು ಬೈಯುವುದು ಕೈಯಲ್ಲಿ ಹಿಡಿದ ಫೋನನ್ನು. 2019ರ ತಿದ್ದುಪಡಿಯಾದ ಮೇಲೆ ಅದಕ್ಕೆ ಸಾವಿರದಿಂದ ಐದು ಸಾವಿರದವರೆಗೆ ದಂಡವಿದೆ. ಕೈ ಖಾಲಿಯಿದ್ದರೆ ಸಾಕೆಂದು ನಾವೆಲ್ಲ ತಿಳಿದಿದ್ದೇವೆ. ಆದರೆ 1997ರಲ್ಲೇ ಕೆನಡಾದ ಟೊರೊಂಟೊದ ಇಬ್ಬರು ಸಂಶೋಧಕರು ಕಾರು ಓಡಿಸುವವರ ಫೋನಿನ ಲೆಕ್ಕ ತೆಗೆದು ನೋಡಿದ್ದರು. ಮಾತಾಡುವಾಗ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು. ಕೈಯಲ್ಲಿ ಹಿಡಿಯದೆ ಮಾತಾಡಿದವರಿಗೂ ಅದರಿಂದ ಲಾಭವಾದದ್ದು ಕಾಣಲಿಲ್ಲ. ಯೋಚಿಸಿದರೆ ಅರ್ಥವಾಗುತ್ತದೆ. ಹಿಂದಿನ ಸೀಟಿನಲ್ಲಿ ಕೂತವರು ಮಾತಾಡುತ್ತಿದ್ದರೂ ಎದುರಿಗೆ ಲಾರಿ ಕಂಡಾಗ ತಾವಾಗಿಯೇ ಬಾಯಿ ಮುಚ್ಚುತ್ತಾರೆ. ಮನೆಯಲ್ಲಿ ಕೂತು ಮಾತಾಡುವವರಿಗೆ ಲಾರಿ ಕಾಣುವುದಿಲ್ಲ. ಅವರು ರೇಟು ಕೇಳುತ್ತಲೇ ಇರುತ್ತಾರೆ. ತಪ್ಪು ಅವರದಲ್ಲ, ಆದರೆ ರಸ್ತೆ ಅವರ ಕಣ್ಣ ಮುಂದಿಲ್ಲ.

ಇದನ್ನೆಲ್ಲ ಆ ತಾಯಿಗೆ ಹೇಗೆ ಹೇಳುವುದು? ಹೇಳಲೇ ಇಲ್ಲ. ಅವರ ಮನೆಯ ಜಗಲಿಯಲ್ಲಿ ಕೂತು ಹುಡುಗನ ಹೆಲ್ಮೆಟ್ಟನ್ನು ಆಕೆಯ ತೊಡೆಯ ಮೇಲಿಟ್ಟು, ದನಿ ಎಲ್ಲಿಂದ ಬರುತ್ತದೆಂದು ತೋರಿಸಿದೆ. ಕೆಲವು ಸೆಟ್ಟುಗಳು ಹತ್ತು ಸೆಕೆಂಡು ಬಿಟ್ಟು ತಾವಾಗಿಯೇ ಕರೆಯನ್ನು ಎತ್ತಿಬಿಡುತ್ತವೆ. ಅದನ್ನು ಮೊದಲೇ ಬಂದ್ ಮಾಡಿಸಿದ್ದೆವು. ಫೋನು ಬಂದರೆ ಯಾರದೆಂದು ಹೆಸರು ಹೇಳುತ್ತದೆ, ಅಷ್ಟೇ. ಬೇಕಾದ ಹೆಸರಾದರೆ ಗಾಡಿ ನಿಲ್ಲಿಸಿ ತಿರುಗಿ ಮಾಡುವುದು, ಬೇಡದ್ದಾದರೆ ಮುಂದಕ್ಕೆ ಹೋಗುವುದು.

“ಆಮೇಲೆ ಈ ಕಡ್ಡಿ?” ಎಂದು ಮೈಕನ್ನು ಮುಟ್ಟಿ ಕೇಳಿದಳು.

“ಮಾತಾಡೋದಕ್ಕೆ” ಎಂದ ಮಗ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅವನೇ ಅದರ ಪಿನ್ನನ್ನು ಎಳೆದು ಮೈಕನ್ನು ಬಿಡಿಸಿ ಅಮ್ಮನ ಕೈಗೆ ಕೊಟ್ಟ. ಆಕೆ ಅದನ್ನು ಒಳಗೆ ತೆಗೆದುಕೊಂಡು ಹೋಗಿ ಎಲ್ಲಿಟ್ಟಳೋ ನಾನು ನೋಡಲಿಲ್ಲ. ಬರುವಾಗ ಕೈಯಲ್ಲಿ ಕಾಫಿ ಇತ್ತು. “ಫೋನು ಮಾಡಿದ್ರೆ ನನ್ನ ಹೆಸರು ಕೇಳ್ಸುತ್ತೆ ಅಲ್ವಾ, ಅಷ್ಟು ಸಾಕು” ಎಂದಳು.

ನನ್ನ ಹೆಲ್ಮೆಟ್ಟಿನದೂ ಈಗ ಮೈಕಿಲ್ಲದ ಸೆಟ್ಟೇ. ಏಳೆಂಟು ಮರಗಳ ಕಡೆ ಹೋಗುತ್ತಿದ್ದವಳು ಈಗ ಒಂದೆರಡರಲ್ಲಿ ಮುಗಿಸುತ್ತೇನೆ. ಸಾಲ ಕೊಡುವ ಹುಡುಗಿಗಾಗಿ ನಿಲ್ಲುವುದಿಲ್ಲ, ಕ್ಲೇಮಿನವರಿಗಾಗಿ ನಿಲ್ಲುತ್ತೇನೆ. ಪಾಲಿಸಿದಾರರಿಗೆಲ್ಲ ಹೇಳಿಟ್ಟಿದ್ದೇನೆ: ಎರಡು ಸಲ ರಿಂಗಾಗಿ ನಾನು ಎತ್ತದಿದ್ದರೆ ಗಾಡಿಯ ಮೇಲಿದ್ದೇನೆಂದು ತಿಳಿಯಿರಿ, ಅರ್ಧ ಗಂಟೆಯಲ್ಲಿ ನಾನೇ ಮಾಡುತ್ತೇನೆ. ಇದರಿಂದ ಇವತ್ತಿನವರೆಗೆ ಒಂದು ಪಾಲಿಸಿಯೂ ತಪ್ಪಿಲ್ಲ. ನಮ್ಮತ್ತೆಯೂ ಹುಳಿಯ ವಿಷಯದಲ್ಲಿ ಸ್ವತಂತ್ರರಾಗಿದ್ದಾರೆ.

ಸೆಟ್ಟು ಯಾವುದನ್ನಾದರೂ ಕೊಳ್ಳಿ, ಕಿವಿ ತೆರೆದಿರಲಿ, ಬಲಗೈ ಬಿಡುವಾಗಿರಲಿ, ದಾರಿ ಹೇಳುವ ದನಿಯೊಂದೇ ಒಳಗಿರಲಿ. ಇನ್ನುಳಿದದ್ದು ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಮನೆಯಲ್ಲಿರುವ ನಾವು ಕಲಿಯಬೇಕಾದದ್ದು. ಗಂಡನಿಗೋ ಮಗಳಿಗೋ ಫೋನು ಮಾಡಿದಾಗ ಗಾಳಿಯ ಸದ್ದು ಕೇಳಿದರೆ ‘ಎಲ್ಲಿದ್ದೀಯ’ ಎಂದು ಕೇಳಬೇಡಿ. ‘ಗಾಡಿ ಮೇಲಿದ್ದೀಯಾ? ಇಡ್ತೀನಿ’ ಎಂದು ಇಟ್ಟುಬಿಡಿ. ಎತ್ತಲೇ ಇಲ್ಲವೆಂದು ಕೋಪ ಮಾಡಿಕೊಳ್ಳಬೇಡಿ. ಎತ್ತದ ಕೈ ಹ್ಯಾಂಡಲಿನ ಮೇಲಿದೆ ಎಂದು ತಿಳಿದು, ಒಲೆಯ ಮೇಲಿಟ್ಟದ್ದನ್ನು ನೋಡಿಕೊಳ್ಳಿ.